ಸೇಬಿನ ಮರಗಳ ನಡುವಿನ ಮೂವತ್ತು ಅಡಿ

ಸ್ಯಾನ್‌ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಿದರೆ ಸೊನೋಮಾ ಕೌಂಟಿಯ ಸೆಬಾಸ್ಟೊಪೋಲ್ ಎಂಬ ಸಣ್ಣ ಊರು ಸಿಗುತ್ತದೆ. ಊರೊಳಗೆ ಹಾದುಹೋಗುವ 116ನೇ ರಾಜ್ಯ ಹೆದ್ದಾರಿಗೆ ಇಟ್ಟಿರುವುದು ಒಂದು ಸೇಬಿನ ತಳಿಯ ಹೆಸರು: ಗ್ರಾವೆನ್‌ಸ್ಟೀನ್ ಹೆದ್ದಾರಿ. ಆದರೆ ರಸ್ತೆಯ ಎರಡೂ ಬದಿಗೆ ಈಗ ಹೆಚ್ಚಾಗಿ ಕಾಣುವುದು ದ್ರಾಕ್ಷಿ. ತಂತಿಗೆ ಕಟ್ಟಿದ ಬಳ್ಳಿಗಳ ಒತ್ತೊತ್ತಾದ ಸಾಲುಗಳು ಗುಡ್ಡ ಹತ್ತಿ ಇಳಿಯುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಹಳೆಯ ಸೇಬಿನ ತೋಟಗಳು ಉಳಿದುಕೊಂಡಿವೆ. ಗಂಟುಗಂಟಾದ ದಪ್ಪ ಕಾಂಡ, ನಾಲ್ಕೂ ಕಡೆಗೆ ಚಾಚಿದ ಕೊಂಬೆಗಳು; ಒಂದು ಮರದಿಂದ ಇನ್ನೊಂದಕ್ಕೆ ಮೂವತ್ತು ಅಡಿಯ ಆಸುಪಾಸು ಅಂತರ. ನಡುವೆ ಬೇಸಿಗೆಯ ಒಣಹುಲ್ಲು ಬಿಟ್ಟರೆ ಮತ್ತೇನೂ ಇಲ್ಲ.

ಮೊದಲ ಸಲ ನೋಡಿದವರಿಗೆ ಇದು ದುಂದು ಅನಿಸುತ್ತದೆ. ಅಮೆರಿಕದಲ್ಲೇ ಅತಿ ದುಬಾರಿ ಜಮೀನುಗಳ ಪೈಕಿ ಒಂದಾದ ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಇಷ್ಟೊಂದು ಜಾಗವನ್ನು ಹಾಗೇ ಬಿಟ್ಟಿರುವುದೇಕೆ? ಎರಡು ಮರದ ನಡುವೆ ಇನ್ನೊಂದನ್ನು ನೆಟ್ಟರೆ ಆಗುವುದಿಲ್ಲವೇ?

ಆಗುವುದಿಲ್ಲ. ಮೇಲೆ ಖಾಲಿ ಕಾಣುವ ಆ ನೆಲದ ಅಡಿಯಲ್ಲಿ ಬೇರುಗಳಿವೆ, ಬೇರುಗಳಿಗೆ ಬೇಸಿಗೆಯಿಡೀ ಸಾಕಾಗುವ ನೀರಿದೆ. ಹಳೆಯ ತೋಟ ಬದುಕಿರುವುದೇ ಈ ಅಂತರದಿಂದ. ಮರಗಳನ್ನು ಉಳಿಸಿ ಅಂತರವನ್ನು ಕೆಡಿಸಿದರೆ ಪಾರಂಪರಿಕ ತೋಟ ಉಳಿದಂತಾಗುವುದಿಲ್ಲ ಎಂಬುದು ಇಂಥ ತೋಟಗಳನ್ನು ನೋಡಿಕೊಳ್ಳುವವರು ಅರಿತಿರುವ ಮಾತು.

ಡೆನ್ಮಾರ್ಕಿನಿಂದ ಸೊನೋಮಾಕ್ಕೆ

ಗ್ರಾವೆನ್‌ಸ್ಟೀನ್ ಮೂಲತಃ ಡೆನ್ಮಾರ್ಕಿನ ದಕ್ಷಿಣ ಜಟ್ಲೆಂಡ್‌ನ ಸೇಬು. 17ನೇ ಶತಮಾನದಿಂದಲೂ ಹೆಸರು ಕೇಳಿಬರುವ ಈ ತಳಿಯನ್ನು ಡೆನ್ಮಾರ್ಕ್ 2005ರಲ್ಲಿ ತನ್ನ ರಾಷ್ಟ್ರೀಯ ಸೇಬು ಎಂದು ಘೋಷಿಸಿಕೊಂಡಿತು. ಅದು ಕ್ಯಾಲಿಫೋರ್ನಿಯಾಕ್ಕೆ ಬಂದ ದಾರಿಯ ಬಗ್ಗೆ ಜನಜನಿತವಾದ ಕತೆಯಲ್ಲಿ ರಷ್ಯನ್ನರು ಬರುತ್ತಾರೆ. ಸೊನೋಮಾ ಕರಾವಳಿಯ ಫೋರ್ಟ್ ರಾಸ್‌ನಲ್ಲಿ 1812ರಿಂದ 1841ರವರೆಗೆ ರಷ್ಯನ್-ಅಮೆರಿಕನ್ ಕಂಪನಿಯ ನೆಲೆ ಇತ್ತು. ಅಲ್ಲಿ 1814ರಲ್ಲಿ ಹಣ್ಣಿನ ತೋಟ ಶುರುವಾಯಿತು. ಈಗ ರಾಜ್ಯ ಉದ್ಯಾನವಾಗಿರುವ ಆ ಜಾಗದಲ್ಲಿ ಹಳೆಯ ತೋಟವನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಸೆಬಾಸ್ಟೊಪೋಲ್ ಸುತ್ತ ಗ್ರಾವೆನ್‌ಸ್ಟೀನ್ ಹಣದ ಬೆಳೆಯಾದದ್ದು 1883ರಲ್ಲಿ ನಥಾನಿಯಲ್ ಗ್ರಿಫಿತ್ ಎಂಬ ಬೆಳೆಗಾರ ತೋಟ ಹಾಕಿದ ಮೇಲೆ. ಊರಿನವರು ಅವನನ್ನು ಈಗಲೂ ಗ್ರಾವೆನ್‌ಸ್ಟೀನ್‌ನ ಅಜ್ಜ ಎಂದೇ ಕರೆಯುತ್ತಾರೆ. ಎರಡು ವರ್ಷದ ನಂತರ, 1885ರಲ್ಲಿ, ಸಸ್ಯ ತಳಿಗಾರ ಲೂಥರ್ ಬರ್ಬ್ಯಾಂಕ್ ಇದೇ ಊರಿನಲ್ಲಿ ಗೋಲ್ಡ್ ರಿಡ್ಜ್ ಪ್ರಯೋಗ ತೋಟಕ್ಕೆ ಜಮೀನು ಕೊಂಡ. ಪೆಟಲೂಮಾ ಮತ್ತು ಸಾಂಟಾ ರೋಸಾ ನಡುವಿನ ವಿದ್ಯುತ್ ರೈಲು ಬಂದಮೇಲೆ ಹಣ್ಣು ಕೊಲ್ಲಿಯ ಬಂದರಿಗೆ ಬೇಗ ಮುಟ್ಟತೊಡಗಿತು. ಒಣಗಿಸುವ ಮನೆಗಳು, ವಿನೆಗರ್ ಮತ್ತು ಆ್ಯಪಲ್‌ಸಾಸ್ ಕಾರ್ಖಾನೆಗಳು ಎದ್ದವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ತಿಂದ ಆ್ಯಪಲ್‌ಸಾಸ್‌ನಲ್ಲಿ ಸೊನೋಮಾದ ಹಣ್ಣಿನ ಪಾಲೂ ಇತ್ತು.

ಈ ತಳಿಯ ಬಲ ಅದರ ಅವಸರ. ಜುಲೈ ಕೊನೆಗೇ ಹಣ್ಣಾಗುತ್ತದೆ. ಬೇರೆಡೆಯ ಸೇಬು ಮಾರುಕಟ್ಟೆಗೆ ಬರುವ ಮೊದಲೇ ಇದು ಬಂದಿರುತ್ತಿತ್ತು. ದೌರ್ಬಲ್ಯವೂ ಅಲ್ಲೇ ಇದೆ. ತೊಟ್ಟು ಗಿಡ್ಡ, ಹಣ್ಣು ಬಲಿಯುತ್ತಿದ್ದಂತೆ ಉದುರುತ್ತದೆ. ಒಂದೇ ಮರದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಎರಡು ಮೂರು ಸಲ ಕೊಯ್ಯಬೇಕು. ಕಿತ್ತಮೇಲೆ ಹೆಚ್ಚು ದಿನ ಇಡಲಾಗದು, ದೂರದೂರಿಗೆ ಸಾಗಿಸಲೂ ಆಗದು. ಶೀತಲ ಗೋದಾಮುಗಳ ತಂತ್ರಜ್ಞಾನ ಬೆಳೆದು ವಾಷಿಂಗ್‌ಟನ್ ರಾಜ್ಯದ ಕೆಂಪು ಸೇಬು ವರ್ಷವಿಡೀ ಸಿಗುವಂತಾದಾಗ ಮೊದಲು ಬರುವ ಹಣ್ಣಿಗೆ ಇದ್ದ ಬೆಲೆ ಹೋಯಿತು. ಕಾರ್ಖಾನೆಗೆ ಹಾಕುವ ಸೇಬಿಗೆ ಟನ್ನಿಗೆ ನೂರರ ಲೆಕ್ಕದಲ್ಲಿ ಡಾಲರ್ ಸಿಕ್ಕರೆ, ಅದೇ ಮಣ್ಣಿನಲ್ಲಿ ಬೆಳೆವ ಪಿನೋ ನುವಾ ದ್ರಾಕ್ಷಿಗೆ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ. ಒಂದೊಂದೇ ತೋಟ ಬುಡಸಮೇತ ಎದ್ದುಹೋಯಿತು. ಒಂದು ಕಾಲಕ್ಕೆ ಸಾವಿರಾರು ಎಕರೆಯಲ್ಲಿದ್ದ ಸೊನೋಮಾದ ಗ್ರಾವೆನ್‌ಸ್ಟೀನ್ ಈಗ ಸಾವಿರ ಎಕರೆಗಿಂತ ಕಡಿಮೆ ಉಳಿದಿದೆ. ಅಳಿಯುವ ಅಂಚಿನ ಆಹಾರಗಳನ್ನು ಗುರುತಿಸುವ ಸ್ಲೋ ಫುಡ್ ಸಂಘಟನೆ ಇದನ್ನು ತನ್ನ ರಕ್ಷಣಾ ಪಟ್ಟಿಗೆ ಸೇರಿಸಿದೆ.

ನೀರಿನ ಲೆಕ್ಕ

ಸೆಬಾಸ್ಟೊಪೋಲ್‌ನ ಮಳೆಗಾಲ ನಮ್ಮದಕ್ಕೆ ತಿರುಗಮುರುಗ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಳಿಯ ಜೊತೆಗೇ ಮಳೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಂದು ಹನಿಯೂ ಇಲ್ಲವೆನ್ನಬಹುದು. ಸೇಬು ಕಾಯಿ ಕಚ್ಚಿ, ಬಲಿತು, ಹಣ್ಣಾಗುವುದು ಈ ಒಣ ತಿಂಗಳುಗಳಲ್ಲೇ. ಹೀಗಿದ್ದೂ ಇಲ್ಲಿನ ಹಳೆಯ ತೋಟಗಳಲ್ಲಿ ಅನೇಕವು ಪೂರ್ತಿ ಖುಷ್ಕಿ. ಬಾವಿಯಿಲ್ಲ, ಕೊಳವೆಯಿಲ್ಲ, ಹನಿ ನೀರಾವರಿಯಿಲ್ಲ.

ಇದು ಸಾಧ್ಯವಾಗುವುದು ಮಣ್ಣಿನಿಂದ. ಗೋಲ್ಡ್‌ರಿಡ್ಜ್ ಎಂದು ಹೆಸರಿರುವ ಇಲ್ಲಿನ ನಯವಾದ ಮರಳುಮಿಶ್ರಿತ ಗೋಡು ಮಣ್ಣು ಹಿಂದೆ ಸಮುದ್ರದಡಿ ಇದ್ದ ಮರಳುಗಲ್ಲು ಪುಡಿಯಾಗಿ ಆದದ್ದು. ಚಳಿಗಾಲದ ಮಳೆಯನ್ನು ಸಲೀಸಾಗಿ ಕುಡಿಯುತ್ತದೆ. ಕೆಳಪದರದಲ್ಲಿ ಜೇಡಿಯ ಅಂಶ ಹೆಚ್ಚಿರುವುದರಿಂದ ಕುಡಿದ ನೀರನ್ನು ಹಿಡಿದಿಡುತ್ತದೆ. ಬೇರು ಆಳಕ್ಕಿಳಿಯಲು ತಡೆಯೂ ಕಡಿಮೆ.

ಇಂಥ ಮಣ್ಣಿನ ಒಂದು ಅಡಿ ಆಳದಲ್ಲಿ ಮರಕ್ಕೆ ದಕ್ಕುವ ನೀರು ಸುಮಾರು ಒಂದೂವರೆ ಅಂಗುಲ ಎಂದಿಟ್ಟುಕೊಳ್ಳೋಣ. ಬೇರು ಆರು ಅಡಿ ಇಳಿದರೆ ಒಂಬತ್ತು ಅಂಗುಲ ನೀರು. ಮರಗಳ ನಡುವೆ ಮೂವತ್ತು ಅಡಿ ಅಂತರವಿದ್ದರೆ ಒಂದೊಂದು ಮರದ ಪಾಲಿಗೆ 900 ಚದರಡಿ ನೆಲ ಬರುತ್ತದೆ. ಆ ನೆಲದಡಿಯ ದಾಸ್ತಾನು ಗುಣಿಸಿ ನೋಡಿದರೆ ಸುಮಾರು 19,000 ಲೀಟರ್. ಅಂತರವನ್ನು ಅರ್ಧಕ್ಕೆ, ಅಂದರೆ ಹದಿನೈದು ಅಡಿಗೆ ಇಳಿಸಿದರೆ ಮರದ ಪಾಲು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಬೀಳುತ್ತದೆ: 5,000 ಲೀಟರಿಗೂ ಕಡಿಮೆ. ದೊಡ್ಡ ಮರವೊಂದು ಆರು ತಿಂಗಳು ಕಾಯಿ ಹೊತ್ತು ಬದುಕಲು ಅದು ಎಲ್ಲಿಗೂ ಸಾಲದು. ಜುಲೈ ಹೊತ್ತಿಗೆ ಎಲೆ ಮುದುಡಿ, ಕಾಯಿ ಗೋಲಿಯಷ್ಟಕ್ಕೇ ನಿಂತುಬಿಡುತ್ತದೆ.

ದಾಸ್ತಾನು ಆವಿಯಾಗಿ ಹೋಗದಂತೆ ನೋಡಿಕೊಳ್ಳುವುದು ಉಳಿದ ಅರ್ಧ ಕೆಲಸ. ಚಳಿಗಾಲದಲ್ಲಿ ಸಾಲುಗಳ ನಡುವೆ ಹುಲ್ಲು, ದ್ವಿದಳ ಗಿಡಗಳು ಬೆಳೆಯಲು ಬಿಡುತ್ತಾರೆ. ಅವು ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ. ಮಳೆ ನಿಲ್ಲುವ ಹೊತ್ತಿಗೆ ಅವನ್ನು ಮಗುಚಿ, ಕುಂಟೆ ಹೊಡೆದು, ಮೇಲಿನ ಎರಡು ಮೂರು ಅಂಗುಲ ಮಣ್ಣನ್ನು ಪುಡಿ ಮಾಡುತ್ತಾರೆ. ಈ ಒಣ ಪುಡಿಮಣ್ಣು ಕೆಳಗಿನ ತೇವಕ್ಕೆ ಹೊದಿಕೆಯಾಗುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ತೋಪು ಕಂಡವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನೀರಾವರಿಯಿಲ್ಲದ ಮಾವಿಗೆ ಅಲ್ಲಿಯೂ ಮೂವತ್ತು ಮೂವತ್ತಮೂರು ಅಡಿ ಬಿಟ್ಟು, ಮರ ಚಿಕ್ಕದಿರುವಾಗ ನಡುವೆ ರಾಗಿ, ಹುರುಳಿ ಬಿತ್ತುವ ರೂಢಿ ಇತ್ತು. ಬೆಳೆ ಬೇರೆ, ಖಂಡ ಬೇರೆ. ಮಳೆಯನ್ನು ಮಾತ್ರ ನಂಬಿದ ರೈತ ತಲುಪಿದ ಅಂಕೆ ಹೆಚ್ಚುಕಡಿಮೆ ಒಂದೇ.

ಅಂತರ ತೀರ್ಮಾನಿಸುವುದು ಬೇರು

ಸೇಬಿನ ಬೀಜ ನೆಟ್ಟರೆ ತಾಯಿಮರದ ಹಣ್ಣು ಬರುವುದಿಲ್ಲ. ಪ್ರತಿ ಬೀಜವೂ ಹೊಸ ತಳಿ, ಬಹುಪಾಲು ಹುಳಿ ಅಥವಾ ಒಗರು. ಹಾಗಾಗಿ ಬೇಕಾದ ತಳಿಯ ಕಡ್ಡಿಯನ್ನು ಬೇರೊಂದು ಗಿಡದ ಬುಡಕ್ಕೆ ಕಸಿ ಕಟ್ಟಲೇಬೇಕು. ಸೆಬಾಸ್ಟೊಪೋಲ್‌ನ ಪ್ರತಿಯೊಂದು ಗ್ರಾವೆನ್‌ಸ್ಟೀನ್ ಮರವೂ ಕಸಿಯಿಂದ ಕಸಿಗೆ ದಾಟಿ ಬಂದ, ಡೆನ್ಮಾರ್ಕಿನ ಆ ಮೊದಲ ಮರದ್ದೇ ತುಂಡು. ಮೇಲಿನ ಕಡ್ಡಿ ಹಣ್ಣಿನ ಗುಣವನ್ನು ಹೇಳಿದರೆ, ಕೆಳಗಿನ ಬೇರುಗಿಡ ಮರದ ಗಾತ್ರವನ್ನು ಹೇಳುತ್ತದೆ.

19ನೇ ಶತಮಾನದ ತೋಟಗಳಲ್ಲಿ ಬೇರುಗಿಡವೆಂದರೆ ಬೀಜದಿಂದ ಎದ್ದ ಸಸಿ. ಅದರ ಮೇಲೆ ಕಟ್ಟಿದ ಮರ ಇಪ್ಪತ್ತೈದು ಮೂವತ್ತು ಅಡಿ ಎತ್ತರಕ್ಕೆ ಹೋಗಿ ಅಷ್ಟೇ ಅಗಲಕ್ಕೆ ಹರಡುತ್ತದೆ. ಮೊದಲ ಫಸಲಿಗೆ ಆರರಿಂದ ಹತ್ತು ವರ್ಷ ಕಾಯಬೇಕು. ಆದರೆ ಒಮ್ಮೆ ನೆಲೆ ಕಂಡ ಮರ ಎಂಬತ್ತು, ನೂರು ವರ್ಷ ಬಾಳುತ್ತದೆ.

ಈ ಲೆಕ್ಕವನ್ನು ಬದಲಿಸಿದ್ದು ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ. ಯುರೋಪಿನ ತೋಟಗಾರರು ಬಳಸುತ್ತಿದ್ದ ಗಿಡ್ಡ ಬೇರುಗಿಡಗಳನ್ನು 20ನೇ ಶತಮಾನದ ಆರಂಭದಲ್ಲಿ ಅಲ್ಲಿ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಅವುಗಳಲ್ಲಿ ಎಂ-9 ಜಗತ್ತನ್ನೇ ಆಳಿತು. ಅದರ ಮೇಲೆ ಕಟ್ಟಿದ ಮರ ಆಳೆತ್ತರಕ್ಕಿಂತ ಸ್ವಲ್ಪ ಮೇಲಷ್ಟೇ ಹೋಗುತ್ತದೆ, ಎರಡು ಮೂರು ವರ್ಷಕ್ಕೇ ಹಣ್ಣು ಕೊಡುತ್ತದೆ. ಆದರೆ ಬೇರು ದುರ್ಬಲ. ಊರುಗೋಲು ಅಥವಾ ತಂತಿಯ ಆಸರೆ ಇಲ್ಲದೆ ನಿಲ್ಲದು, ನೀರು ಕೊಡದಿದ್ದರೆ ಬದುಕದು, ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಮುಗಿಯಿತು. ಎರಡರ ನಡುವೆ ಎಂಎಂ-106, ಎಂಎಂ-111ರಂಥ ಮಧ್ಯಮ ಗಾತ್ರದ ಬೇರುಗಿಡಗಳಿವೆ. ಬೇರಿಗೆ ಮುತ್ತುವ ಬಿಳಿ ಉಣ್ಣೆಹೇನನ್ನು ತಡೆಯುವ ಗುಣವನ್ನು ಇವುಗಳಲ್ಲಿ ಬೇಕೆಂದೇ ತರಲಾಗಿದೆ. ಬರ ತಾಳುವುದರಲ್ಲಿ ಎಂಎಂ-111 ಗಟ್ಟಿ.

ಎಕರೆಗೆ 43,560 ಚದರಡಿ. ಬೀಜದ ಬೇರಿನ ಮರಗಳನ್ನು ಮೂವತ್ತು ಅಡಿಗೊಂದರಂತೆ ನೆಟ್ಟರೆ 48 ಮರ. ನಲವತ್ತು ಅಡಿ ಬಿಟ್ಟರೆ ಬರೀ 27. ಎಂಎಂ-111ಕ್ಕೆ ಇಪ್ಪತ್ತು ಅಡಿ ಸಾಕು, 108 ಮರ ಬರುತ್ತವೆ. ಎಂ-9 ಬಳಸಿ ಸಾಲಿನೊಳಗೆ ಮೂರಡಿ, ಸಾಲುಗಳ ನಡುವೆ ಹನ್ನೆರಡು ಅಡಿ ಬಿಟ್ಟರೆ 1,210. ವಾಷಿಂಗ್‌ಟನ್ ರಾಜ್ಯದ ಇಂದಿನ ವಾಣಿಜ್ಯ ತೋಟಗಳು ಈ ಕೊನೆಯ ದಾರಿ ಹಿಡಿದಿವೆ. ಎಕರೆಗೆ ಹೆಚ್ಚು ಹಣ್ಣು, ಬೇಗ ಹಣ್ಣು, ಏಣಿಯಿಲ್ಲದೆ ಕೊಯ್ಲು. ಹಣದ ಲೆಕ್ಕದಲ್ಲಿ ಹಳೆಯ ತೋಟ ಇದರ ಮುಂದೆ ಗೆಲ್ಲುವುದಿಲ್ಲ, ಗೆಲ್ಲುತ್ತದೆಂದು ವಾದಿಸುವವರೂ ಇಲ್ಲ. ಆದರೆ ಈ ಹೊಸ ತೋಟದ ನೀರು ನಿಲ್ಲಿಸಿದರೆ ಅದು ಒಂದು ಬೇಸಿಗೆ ದಾಟುವುದೂ ಅನುಮಾನ.

ಚೌಕ, ಷಟ್ಕೋನ ಮತ್ತು ನಡುವಿನ ಮರ

ಮೂವತ್ತು ಅಡಿ ಎಂದು ಗೊತ್ತಾದ ಮೇಲೂ ಸಾಲು ಹಾಕುವ ಕ್ರಮ ಒಂದೇ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 2009ರಲ್ಲಿ ಪ್ರಕಟಿಸಿದ, ಸೂಸನ್ ಡೋಲನ್ ಬರೆದ ‘ಫ್ರೂಟ್‌ಫುಲ್ ಲೆಗಸಿ’ ಎಂಬ ಗ್ರಂಥ ದೇಶದ ಹಣ್ಣಿನ ತೋಟಗಳು ಕಾಲಕಾಲಕ್ಕೆ ಹೇಗೆ ರೂಪ ಬದಲಿಸಿದವು ಎಂಬುದನ್ನು ದಾಖಲಿಸಿದೆ. ಮರದ ಗಾತ್ರ, ಸಾಲಿನ ಅಂತರ, ಚಾಟನಿಯ ಶೈಲಿ ನೋಡಿಯೇ ತೋಟ ಯಾವ ಕಾಲದ್ದೆಂದು ಹೇಳಲು ಬರುತ್ತದೆ.

ಅತಿ ಸರಳವಾದದ್ದು ಚೌಕ. ಉದ್ದಕ್ಕೂ ಅಡ್ಡಕ್ಕೂ ಕುದುರೆ ನೇಗಿಲು ಹೋಗಲು ದಾರಿ. ಎರಡನೆಯದು ಷಟ್ಕೋನ: ಪ್ರತಿ ಮರದ ಸುತ್ತ ಸಮದೂರದಲ್ಲಿ ಆರು ಮರ. ಅಂತರ ಮೂವತ್ತೇ ಅಡಿ ಇಟ್ಟುಕೊಂಡೂ ಎಕರೆಗೆ ನೂರಕ್ಕೆ ಹದಿನೈದರಷ್ಟು ಹೆಚ್ಚು, ಅಂದರೆ 55 ಮರ ಹಿಡಿಸಬಹುದು. ಆದರೆ ಗೂಟ ಹೊಡೆದು ಗುರುತು ಹಾಕುವ ಕೆಲಸ ಸಲೀಸಲ್ಲ. ಮೂರನೆಯದು, ಚೌಕದ ನಟ್ಟನಡುವೆ ಇನ್ನೊಂದು ಮರ ನೆಡುವುದು. ಇದರಿಂದ ಮರಗಳ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ.

ಈ ನಡುವಿನ ಮರ ತಾತ್ಕಾಲಿಕ. ಬೇಗ ಫಲ ಕೊಡುವ ತಳಿಯನ್ನೋ ಪೀಚ್‌ನಂಥ ಅಲ್ಪಾಯುಷಿ ಹಣ್ಣನ್ನೋ ಅಲ್ಲಿ ನೆಟ್ಟು, ಖಾಯಂ ಮರಗಳ ಕೊಂಬೆಗಳು ಹತ್ತಿರವಾಗುವ ಹೊತ್ತಿಗೆ ಕಡಿದುಹಾಕಬೇಕು. ಕಾಗದದ ಮೇಲೆ ಚೊಕ್ಕ ಉಪಾಯ. ಆದರೆ ಕಡಿಯಬೇಕಾದ ವರ್ಷ ಬಂದಾಗ ಆ ಮರ ಮೈತುಂಬ ಹಣ್ಣು ಬಿಟ್ಟಿರುತ್ತದೆ. ಇನ್ನೊಂದು ವರ್ಷ ನೋಡೋಣ ಎಂದು ರೈತ ಕೊಡಲಿ ಕೆಳಗಿಡುತ್ತಾನೆ. ಹಾಗೆ ನಾಲ್ಕೈದು ವರ್ಷ ಕಳೆದರೆ ಖಾಯಂ ಮರವೂ ಬೆಳಕಿಗಾಗಿ ಮೇಲಕ್ಕೇ ಹೋಗಿ, ಕೆಳಗಿನ ಕೊಂಬೆಗಳು ಬರಿದಾಗಿ, ತೋಟದ ಆಕಾರವೇ ಕೆಟ್ಟಿರುತ್ತದೆ. ಹಳೆಯ ಅಮೆರಿಕನ್ ತೋಟಗಾರಿಕೆ ಪುಸ್ತಕಗಳು ನಡುವಿನ ಮರದ ಬಗ್ಗೆ ಪದೇ ಪದೇ ಕೊಡುವ ಎಚ್ಚರಿಕೆ ಇದೇ.

ಬೆಳಕು, ಗಾಳಿ, ಜೇನು

ನೀರಿನ ತೊಂದರೆಯಿಲ್ಲದ ಕಡೆಯೂ ದೊಡ್ಡ ಮರಗಳನ್ನು ಹತ್ತಿರ ನೆಡಲು ಬಾರದು. ಸೇಬಿನ ಮರದ ಒಳಭಾಗಕ್ಕೆ ತಲುಪುವ ಬೆಳಕು ಪೂರ್ಣ ಬಿಸಿಲಿನ ಮೂರನೇ ಒಂದು ಭಾಗಕ್ಕಿಂತ ಇಳಿದರೆ ಅಲ್ಲಿ ಹೂಮೊಗ್ಗು ಕಟ್ಟುವುದು ಕುಗ್ಗುತ್ತದೆ, ಹಣ್ಣಿಗೆ ಬಣ್ಣವೂ ಏರದು. ಮರದ ಎತ್ತರ ಸಾಲುಗಳ ಅಂತರವನ್ನು ಮೀರಬಾರದು ಎಂಬುದು ಬೆಳೆಗಾರರ ಸ್ಥೂಲ ಅಳತೆ. ಹಳೆಯ ತೋಟಗಳಲ್ಲಿ ನಡುಕಾಂಡವನ್ನು ಚಿಕ್ಕಂದಿನಲ್ಲೇ ಕತ್ತರಿಸಿ, ನಾಲ್ಕೈದು ಮುಖ್ಯ ಕೊಂಬೆಗಳನ್ನು ಸುತ್ತಲೂ ಹರಡಿ, ಮಧ್ಯವನ್ನು ತೆರೆದಿಡುತ್ತಿದ್ದದ್ದು ಬೆಳಕಿಗಾಗಿ. ಬರ್ಕಲಿಯ ಪ್ರಾಧ್ಯಾಪಕ ಎಡ್ವರ್ಡ್ ವಿಕ್ಸನ್ 1889ರಲ್ಲಿ ಹೊರತಂದ ಕ್ಯಾಲಿಫೋರ್ನಿಯಾದ ಹಣ್ಣುಗಳ ಕೈಪಿಡಿ, ಕೊಂಬೆಗಳನ್ನು ನೆಲಕ್ಕೆ ಹತ್ತಿರದಲ್ಲೇ ಹೊರಡಿಸಬೇಕು ಎಂದು ಸಲಹೆ ಮಾಡಿತ್ತು. ಇಲ್ಲಿನ ಬೇಸಿಗೆಯ ಬಿಸಿಲಿಗೆ ಬರಿಯ ಕಾಂಡದ ತೊಗಟೆ ಸುಟ್ಟು ಸೀಳುತ್ತದೆ; ಕೊಂಬೆ ಕೆಳಗಿದ್ದರೆ ಕಾಂಡಕ್ಕೆ ತನ್ನದೇ ನೆರಳು. ಎಳೆಯ ಮರಗಳ ಬುಡಕ್ಕೆ ಸುಣ್ಣದಂತೆ ಬಿಳಿ ಬಣ್ಣ ಬಳಿಯುವುದೂ ಇದೇ ಕಾರಣಕ್ಕೆ.

ಗಾಳಿಯದು ಇನ್ನೊಂದು ಕತೆ. ಪೆಸಿಫಿಕ್ ಸಾಗರದ ಮಂಜು ಪೆಟಲೂಮಾದ ಕಣಿವೆಯೊಳಗೆ ನುಗ್ಗಿ ಸೆಬಾಸ್ಟೊಪೋಲ್‌ನ ಮುಂಜಾವುಗಳನ್ನು ತೋಯಿಸುತ್ತದೆ. ಸೇಬಿನ ಕಜ್ಜಿ ರೋಗದ ಶಿಲೀಂಧ್ರಕ್ಕೆ ಬೇಕಾದದ್ದು ಇಂಥದೇ ತೇವ. ಹದವಾದ ಉಷ್ಣಾಂಶದಲ್ಲಿ ಎಲೆ ಸುಮಾರು ಒಂಬತ್ತು ಗಂಟೆ ಒದ್ದೆಯಾಗಿದ್ದರೆ ಸಾಕು, ಸೋಂಕು ಹತ್ತುತ್ತದೆ. ಮರಗಳ ನಡುವೆ ಗಾಳಿ ಆಡಿದರೆ ಎಲೆ ಬೇಗ ಒಣಗುತ್ತದೆ. ಔಷಧಿ ಸಿಂಪಡಣೆ ಬರುವ ಮುಂಚಿನ ಕಾಲದಲ್ಲಿ ರೈತನಿಗಿದ್ದ ರೋಗನಿಯಂತ್ರಣದ ದೊಡ್ಡ ಸಾಧನಗಳು ಅಂತರ ಮತ್ತು ಚಾಟನಿ.

ಜೇನಿನ ವಿಷಯಕ್ಕೆ ಬಂದರೆ ಗ್ರಾವೆನ್‌ಸ್ಟೀನ್ ಸ್ವಲ್ಪ ರಗಳೆಯ ತಳಿ. ಸಾಮಾನ್ಯ ಸೇಬಿನಲ್ಲಿ 34 ವರ್ಣತಂತುಗಳಿದ್ದರೆ ಇದರಲ್ಲಿ 51. ಹಾಗಾಗಿ ಇದರ ಪರಾಗ ಬಹುಪಾಲು ಜೊಳ್ಳು. ತಾನು ಕಾಯಿ ಕಚ್ಚಲು ಬೇರೆ ತಳಿಯ ಪರಾಗ ಬೇಕು, ತಾನು ಮಾತ್ರ ಯಾರಿಗೂ ಕೊಡಲಾರದು. ಜೊತೆಗೆ ಒಂದೇ ತಳಿಯನ್ನು ನೆಟ್ಟರೆ ಆ ಜೊತೆಗಾರ ಮರಕ್ಕೂ ಪರಾಗ ಸಿಗದು. ಒಂದೇ ಸಮಯಕ್ಕೆ ಹೂಬಿಡುವ ಇನ್ನೆರಡು ತಳಿಗಳಾದರೂ ಇರಬೇಕು. ಹಳೆಯ ಸೂತ್ರವೆಂದರೆ ಪ್ರತಿ ಮೂರನೇ ಸಾಲಿನ ಪ್ರತಿ ಮೂರನೇ ಗುಣಿಗೆ ಪರಾಗ ಕೊಡುವ ಮರ. ಒಂಬತ್ತಕ್ಕೆ ಒಂದಾಯಿತು, ತೋಟದ ಯಾವ ಮರವೂ ಅದರಿಂದ ಒಂದು ಗುಣಿಗಿಂತ ದೂರ ಉಳಿಯುವುದಿಲ್ಲ. ಸಾಲಿನ ನಡುವೆ ಒಂಟಿಯಾಗಿ ನಿಂತ ಬೇರೆ ತಳಿಯ ಮುದಿಮರವನ್ನು ಅನಾಕರ್ಷಕವೆಂದು ತೆಗೆದುಹಾಕಿ, ಮುಂದಿನ ವರ್ಷ ಸುತ್ತಲಿನ ಎಂಟು ಮರಗಳಲ್ಲಿ ಕಾಯಿ ಇಲ್ಲವಾದಾಗ ತಲೆ ಕೆರೆದುಕೊಳ್ಳುವ ಅಪಾಯ ಇರುವುದು ಹೀಗೆ.

ಒಂದು ಮರ ಸತ್ತಾಗ

ಪಾರಂಪರಿಕ ತೋಟದ ನಿಜವಾದ ಪರೀಕ್ಷೆ ಮುದಿಮರವೊಂದು ಉರುಳಿದ ದಿನ ಶುರುವಾಗುತ್ತದೆ. ಚೌಕದ ಸಾಲಿನಲ್ಲಿ ಒಂದು ಹಲ್ಲು ಬಿದ್ದಂತೆ ಜಾಗ ತೆರವಾಗುತ್ತದೆ. ಅಲ್ಲಿ ಏನು ನೆಡಬೇಕು?

ಮಾಮೂಲಿ ಆಸೆ ಎರಡು. ನರ್ಸರಿಯಲ್ಲಿ ಸಿಗುವ ಗಿಡ್ಡ ಸೇಬು ತಂದು ಎರಡು ಮೂರು ನೆಟ್ಟುಬಿಡುವುದು ಮೊದಲನೆಯದು. ಅವುಗಳ ಮೇಲ್ಬೇರು ದೊಡ್ಡ ಮರಗಳ ಬೇರಿನ ಜೊತೆ ನೀರಿಗೆ ಸೆಣಸಿ ಸೋಲುತ್ತದೆ. ಅವಕ್ಕೆಂದು ನೀರು ಹಾಯಿಸಿದರೆ ಖುಷ್ಕಿಗೆ ಒಗ್ಗಿದ ಮುದಿಮರದ ಬುಡ ಬೇಸಿಗೆಯ ಬಿಸಿಯಲ್ಲಿ ತೇವಗೊಂಡು ಕೊಳೆರೋಗಕ್ಕೆ ದಾರಿಯಾಗುತ್ತದೆ. ಎರಡನೆಯದು, ಅದೇ ಗುಣಿಗೆ ಅಂದೇ ಹೊಸ ಸಸಿ ಇಡುವುದು. ಸೇಬು ಬೆಳೆದ ಗುಣಿಯಲ್ಲಿ ಮತ್ತೆ ಸೇಬು ನೆಟ್ಟರೆ ಮಣ್ಣಿನಲ್ಲಿ ಉಳಿದ ಶಿಲೀಂಧ್ರ ಮತ್ತು ಜಂತುಹುಳುಗಳು ಎಳೆ ಬೇರನ್ನು ತಿಂದು ಸಸಿ ಕುಂಟುತ್ತದೆ. ಓಕ್ ಕಾಡು ಕಡಿದು ಮಾಡಿದ ತೋಟಗಳಲ್ಲಿ ಆರ್ಮಿಲೇರಿಯಾ ಎಂಬ ಬೇರು ಅಣಬೆಯ ಕಾಟವೂ ಉಂಟು. ಓಕ್ ಮರ ಹೋಗಿ ದಶಕಗಳಾದ ಮೇಲೂ ಅದು ಮಣ್ಣಿನೊಳಗಿನ ಬೇರಿನ ಚೂರುಗಳಲ್ಲಿ ಜೀವ ಹಿಡಿದಿರುತ್ತದೆ.

ಸರಿಯಾದ ದಾರಿ ನಿಧಾನದ್ದು. ಮರ ಸಾಯುವ ಮುನ್ನವೇ ಚಳಿಗಾಲದಲ್ಲಿ ಅದರ ಕಡ್ಡಿ ತೆಗೆದು ಕಸಿ ಕಟ್ಟಿ ಸಸಿ ಸಿದ್ಧವಿಟ್ಟುಕೊಳ್ಳಬೇಕು. ಸತ್ತ ಮರದ ಬೇರನ್ನು ಕೈಗೆ ಸಿಕ್ಕಷ್ಟೂ ಕಿತ್ತು, ಗುಣಿಯನ್ನು ಒಂದೆರಡು ವರ್ಷ ಹುಲ್ಲು, ಧಾನ್ಯಕ್ಕೆ ಬಿಡಬೇಕು. ಆಮೇಲೆ ಹೊಸ ಮಣ್ಣು ತುಂಬಿ, ಹಳೆಯ ಸಾಲಿಗೆ ಹಗ್ಗ ಹಿಡಿದು, ಬೀಜದ ಬೇರಿನದೋ ಎಂಎಂ-111ರಂಥ ಗಟ್ಟಿ ಬೇರಿನದೋ ಒಂದೇ ಸಸಿ. ನಾಲ್ಕೈದು ಬೇಸಿಗೆ ಅದಕ್ಕೆ ಮಾತ್ರ ಕೈಯಾರೆ ನೀರು. ಗುಣಿಗೆ ತಂತಿಯ ಬುಟ್ಟಿ ಇಳಿಸುವುದನ್ನು ಮರೆತರೆ ಬಿಲ ತೋಡುವ ಗೋಫರ್ ಇಲಿ ಬೇರನ್ನೆಲ್ಲ ಕತ್ತರಿಸಿ, ಸಸಿ ಒಂದು ಬೆಳಿಗ್ಗೆ ಗೂಟದ ಹಾಗೆ ಕೈಗೇ ಬರುತ್ತದೆ. ಮೇಲಿನಿಂದ ಜಿಂಕೆ ಮೇಯದಂತೆ ಸುತ್ತ ಬೇಲಿಯೂ ಬೇಕು.

ಕೊಲ್ಲಿ ಪ್ರದೇಶದಲ್ಲಿ ಇಂಥ ಆರೈಕೆಯನ್ನು ನೋಡಬಯಸುವವರಿಗೆ ತೋಟಗಳಿಗೇನೂ ಕೊರತೆಯಿಲ್ಲ. ಫ್ರೀಮಾಂಟ್‌ನ ಕನ್ನಡ ಕುಟುಂಬಗಳಿಗೆ ಅರ್ಧ ಗಂಟೆಯೊಳಗಿನ ಹಾದಿಯಲ್ಲಿ, ಹೇವರ್ಡ್‌ನ ಗಾರಿನ್ ಪ್ರಾದೇಶಿಕ ಉದ್ಯಾನವಿದೆ. ಅಲ್ಲಿನ ತೋಟದಲ್ಲಿ 160ರಷ್ಟು ಪುರಾತನ ಸೇಬಿನ ತಳಿಗಳಿವೆ, ಹಣ್ಣಿನ ಕಾಲದಲ್ಲಿ ಸೇಬಿನ ಹಬ್ಬವೂ ನಡೆಯುತ್ತದೆ. ವುಡ್‌ಸೈಡ್‌ನ ಫಿಲೋಲಿ ಬಂಗಲೆಯ ತೋಟ 1975ರಿಂದ ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಟ್ರಸ್ಟ್‌ನ ಕೈಯಲ್ಲಿದೆ. ಮಾರ್ಟಿನೆಜ್‌ನಲ್ಲಿ ಪರಿಸರವಾದಿ ಜಾನ್ ಮ್ಯೂರ್ ಬಾಳಿದ ಹಣ್ಣಿನ ತೋಟವನ್ನು ರಾಷ್ಟ್ರೀಯ ಉದ್ಯಾನ ಸೇವೆ ನೋಡಿಕೊಳ್ಳುತ್ತಿದೆ.

ಕಂಪ್ಯೂಟರ್ ಕಣಿವೆಯಲ್ಲಿ ಚಳಿಯ ಗಂಟೆಗಳು

ಸಿಲಿಕಾನ್ ವ್ಯಾಲಿ ಎಂಬ ಹೆಸರು ಬರುವ ಮೊದಲು ಸಾಂಟಾ ಕ್ಲಾರಾ ಕಣಿವೆ ಹಣ್ಣಿನ ನಾಡೇ ಆಗಿತ್ತು. ಆದರೆ ಅಲ್ಲಿ ಸೇಬಿಗಿಂತ ಒಣಪ್ಲಮ್, ಏಪ್ರಿಕಾಟ್, ಚೆರ್ರಿ ಹೆಚ್ಚು. ಸರಟೋಗಾದ ಗ್ರಂಥಾಲಯದ ಪಕ್ಕದಲ್ಲಿ, ಸನ್ನಿವೇಲ್‌ನ ಸಮುದಾಯ ಕೇಂದ್ರದ ಬಳಿ, ಲಾಸ್ ಆಲ್ಟೋಸ್‌ನ ನಗರ ಕಚೇರಿಯ ಬಳಿ ಉಳಿಸಿಕೊಂಡಿರುವ ಪಾರಂಪರಿಕ ತೋಟಗಳಲ್ಲಿ ಏಪ್ರಿಕಾಟ್ ಸಾಲುಗಳೇ ಎದ್ದು ಕಾಣುತ್ತವೆ. ಸೇಬಿಗೂ ಕಂಪ್ಯೂಟರಿಗೂ ಇರುವ ನಂಟಿನಲ್ಲೂ ಗ್ರಾವೆನ್‌ಸ್ಟೀನ್ ಇಣುಕುತ್ತದೆ. ಸ್ಟೀವ್ ಜಾಬ್ಸ್ ತಾರುಣ್ಯದಲ್ಲಿ ಆರೆಗಾನ್‌ನ ಕಮ್ಯೂನ್ ಒಂದರಲ್ಲಿ ಚಾಟನಿ ಮಾಡುತ್ತಿದ್ದ ಮರಗಳು ಇದೇ ತಳಿಯವು ಎಂದು ವಾಲ್ಟರ್ ಐಸಾಕ್‌ಸನ್ ಬರೆದ ಅವರ ಜೀವನಚರಿತ್ರೆ ಹೇಳುತ್ತದೆ. 1976ರಲ್ಲಿ ಹುಟ್ಟಿದ ಆ್ಯಪಲ್ ಕಂಪನಿಗೆ ಹೆಸರು ಸಿಕ್ಕಿದ್ದು ಆ ತೋಟದಿಂದ ಮರಳಿದ ದಿನಗಳಲ್ಲಿ. ಕ್ಯುಪರ್ಟಿನೊದಲ್ಲಿ 2017ರಲ್ಲಿ ತೆರೆದ ಆ್ಯಪಲ್ ಪಾರ್ಕ್‌ನ ಸುಮಾರು 9,000 ಮರಗಳಲ್ಲಿ ಹಣ್ಣಿನ ಮರಗಳೂ ಇವೆ.

ಸೇಬು ಹೂಬಿಡಬೇಕಾದರೆ ಚಳಿಗಾಲದಲ್ಲಿ ಅದಕ್ಕೆ ನಿದ್ದೆ ಬೇಕು. 0ರಿಂದ 7 ಡಿಗ್ರಿ ಸೆಲ್ಸಿಯಸ್‌ ನಡುವೆ ಕಳೆದ ಗಂಟೆಗಳನ್ನು ಕೂಡಿ ‘ಚಳಿಯ ಗಂಟೆ’ ಲೆಕ್ಕ ಹಾಕುತ್ತಾರೆ. ಹೆಚ್ಚಿನ ಹಳೆಯ ತಳಿಗಳಿಗೆ ಎಂಟುನೂರರಿಂದ ಸಾವಿರ ಗಂಟೆ ಬೇಕು. ಇಸ್ರೇಲಿನ ಆನ್ನಾ ತಳಿಗೆ ಇನ್ನೂರು ಮುನ್ನೂರು ಸಾಕು. ಚಳಿಗಾಲಗಳು ಬೆಚ್ಚಗಾಗುತ್ತಿರುವ ಕ್ಯಾಲಿಫೋರ್ನಿಯಾದಲ್ಲಿ ಈ ಅಂಕೆ ಈಗ ಅಂತರದಷ್ಟೇ ಮುಖ್ಯ. ಚಳಿ ಸಾಲದ ವರ್ಷ ಹೂವು ಒಮ್ಮೆಲೇ ಅರಳದೆ ವಾರಗಟ್ಟಲೆ ಎಳೆಯುತ್ತದೆ. ತಳಿ ತಳಿಗಳ ಹೂ ಸಮಯ ತಪ್ಪಿಹೋಗಿ ಪಕ್ಕದಲ್ಲೇ ನಿಂತ ಪರಾಗದ ಮರವೂ ಉಪಯೋಗಕ್ಕೆ ಬರುವುದಿಲ್ಲ.

ಕಡಿಮೆ ಚಳಿಯಲ್ಲಿ ಸೇಬು ಬೆಳೆಯುವ ವಿದ್ಯೆ ಬೆಂಗಳೂರಿಗೂ ಅಪರಿಚಿತವಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಸುತ್ತ ರೋಮ್ ಬ್ಯೂಟಿ ಎಂಬ ಅಮೆರಿಕನ್ ಸೇಬನ್ನು ಬೆಳೆಯುತ್ತಿದ್ದರು. ಇಂಡೊನೇಷ್ಯಾದ ಬಾಟು ಪಟ್ಟಣದ ರೈತರು ಅದೇ ತಳಿಯ ಎಲೆಗಳನ್ನು ಕೈಯಿಂದ ಕಿತ್ತು, ಚಳಿಯ ನಿದ್ದೆಗೆ ಬದಲಾಗಿ ಆ ಉಪಾಯದಿಂದಲೇ ಹೂ ಬರಿಸಿ, ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ರೂಪಿಸಿದ, ಕಡಿಮೆ ಚಳಿ ಬೇಡುವ ಎಚ್‌ಆರ್‌ಎಂಎನ್-99 ತಳಿ ಈಚಿನ ವರ್ಷಗಳಲ್ಲಿ ಕರ್ನಾಟಕದ ತೋಟಗಳಿಗೂ ಬಂದಿದೆ.

ಹಿತ್ತಲಲ್ಲಿ ನೆಡುವವರಿಗೆ

ಕೊಲ್ಲಿ ಪ್ರದೇಶದ ಮನೆಗಳ ಹಿತ್ತಲಲ್ಲಿ ಮೂವತ್ತು ಅಡಿ ಬಿಡಲು ಯಾರಿಗೂ ಸಾಧ್ಯವಿಲ್ಲ, ಬಿಡಬೇಕಾಗಿಯೂ ಇಲ್ಲ. ಮಧ್ಯಮ ಬೇರಿನ ಗಿಡಕ್ಕೆ ಹನ್ನೆರಡರಿಂದ ಹದಿನೈದು ಅಡಿ ಕೊಟ್ಟು, ಚಳಿಗಾಲದ ಜೊತೆ ಬೇಸಿಗೆಯಲ್ಲೂ ಚಾಟನಿ ಮಾಡಿದರೆ ಮರ ಕೈಗೆಟಕುವ ಎತ್ತರದಲ್ಲೇ ನಿಲ್ಲುತ್ತದೆ. ಮಣ್ಣಿಲ್ಲದ ಬರಿ ಬೇರಿನ ಸಸಿಗಳು ನರ್ಸರಿಗಳಿಗೆ ಬರುವುದು ಜನವರಿ ಫೆಬ್ರವರಿಯಲ್ಲಿ. ಕೊಳ್ಳುವಾಗ ತಳಿಯ ಹೆಸರಿಗಿಂತ ಮೊದಲು ಬೇರುಗಿಡದ ಹೆಸರು ಕೇಳಬೇಕು. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೂರು ನಾಲ್ಕು ಅಂಗುಲ ಮೇಲಿರಬೇಕು. ಮಣ್ಣಿನಡಿ ಹೋದರೆ ಮೇಲಿನ ತಳಿಯೇ ಬೇರು ಬಿಟ್ಟು, ಗಿಡ್ಡ ಮರವೆಂದು ತಂದದ್ದು ಹೆಮ್ಮರವಾಗುತ್ತದೆ. ಒಂದೇ ಮರಕ್ಕೆ ಜಾಗವಿರುವವರು ಅದರ ಮೇಲೆಯೇ ಎರಡು ಮೂರು ತಳಿಯ ಕಡ್ಡಿ ಕಟ್ಟಿಸಿಕೊಂಡರೆ ಪರಾಗದ ಚಿಂತೆಯೂ ತೀರುತ್ತದೆ.

ಕಡ್ಡಿಗಾಗಿ ದುಡ್ಡು ಕೊಡಬೇಕಾಗಿಲ್ಲ. 1968ರಲ್ಲಿ ಆರಂಭವಾದ ಕ್ಯಾಲಿಫೋರ್ನಿಯಾ ರೇರ್ ಫ್ರೂಟ್ ಗ್ರೋವರ್ಸ್ ಸಂಘದ ಕೊಲ್ಲಿ ಪ್ರದೇಶದ ಶಾಖೆಗಳು ಚಳಿಗಾಲದಲ್ಲಿ ಕಸಿ ಕಡ್ಡಿಗಳ ವಿನಿಮಯ ಕೂಟ ನಡೆಸುತ್ತವೆ. ಅಂಗಡಿಯಲ್ಲಿ ಎಂದೂ ಸಿಗದ ಹಳೆಯ ತಳಿಗಳ ಕಡ್ಡಿಯೂ ಸಿಗುತ್ತದೆ, ಕಸಿ ಕಟ್ಟಲು ಕಲಿಸುವ ಹಿರಿಯರೂ ಅಲ್ಲಿ ಸಿಗುತ್ತಾರೆ. ಗ್ರಾವೆನ್‌ಸ್ಟೀನ್ ಹಣ್ಣನ್ನೇ ತಿಂದು ನೋಡಬೇಕೆನ್ನುವವರು ಆಗಸ್ಟ್ ತಿಂಗಳಲ್ಲಿ, ಸೆಬಾಸ್ಟೊಪೋಲ್‌ನ ಸೇಬಿನ ಜಾತ್ರೆಯ ಹೊತ್ತಿಗೆ ಹೋಗುವುದು ಲೇಸು. ಸೆಪ್ಟೆಂಬರ್ ಬಂದರೆ ಆ ವರ್ಷದ ಹಣ್ಣು ಮುಗಿದಿರುತ್ತದೆ.